ಅರುವೇರಾ ನೆರಳಿನ ಎಲಿದಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೋಳುಗುಡ್ಡದ ಇಳಿಜಾರಿನ ಹುಲ್ಲಿನ ಮೇಲೆ ನಮ್ಮ ಚಳಿಗಾಲವಾದ ಜೂನ್ ತಿಂಗಳ ಹಿಮ ಉಪ್ಪು ಚೆಲ್ಲಿದ ಹಾಗೆ ಬಿದ್ದಿದೆ. ಎಲಿದಾ ತೆಚೇರಾ ತಳ್ಳುಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸುತ್ತಾರೆ. ಕಂಕುಳಲ್ಲಿ ಅವುಚಿಕೊಂಡಿದ್ದ ಬಿಸಿನೀರಿನ ಫ್ಲಾಸ್ಕನ್ನು ಗಾಡಿಯೊಳಗಿನ ಗೋಣಿಚೀಲದ ಮೇಲೆ ಮಲಗಿಸಿ, ತಲೆಯ ಉಣ್ಣೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಗೇಟಿನಾಚೆ ತಗಡಿನ ಮಾಡಿನ ಪುಟ್ಟ ಮನೆ. ಅಡುಗೆಕೋಣೆಯ ಮಗ್ಗುಲಲ್ಲಿ, ಸ್ವಲ್ಪ ದೂರಕ್ಕೆ, ಒಂದು ಮರ. ಕಪ್ಪು ಹಸಿರು ಎಲೆ, ಗುಂಡಗಿನ ತಲೆ, ನೋಡಿದರೆ ತುಂಬ ಸಾಧು ಎನ್ನಿಸುತ್ತದೆ.

"ಶುಭರಾತ್ರಿ, ಅರುವೇರಮ್ಮ," ಎನ್ನುತ್ತಾರೆ ಎಲಿದಾ.

ಬೆಳಗ್ಗೆ ಶುಭರಾತ್ರಿ, ಕತ್ತಲಾದ ಮೇಲೆ ಶುಭೋದಯ. ಮಿನಾಸ್ ಪಟ್ಟಣದ ಸುತ್ತಿನ ಬೆಟ್ಟಗಳಲ್ಲಿ ಹುಟ್ಟಿದ ನಮಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ನಡೆಯುವುದರ ಜೊತೆಗೇ ಬರುತ್ತದೆ. ಅರುವೇರಾ ಮರಕ್ಕೆ ಮರ್ಯಾದೆ ಕೊಡಬೇಕು, ಅದನ್ನು ತಿರುಗಿಸಿಯೇ ಕೊಡಬೇಕು. ಇಲ್ಲದಿದ್ದರೆ ಮುಖ ಬಾತು ಕಣ್ಣು ಮುಚ್ಚಿಹೋಗುತ್ತದೆ, ಮೈಯೆಲ್ಲ ದದ್ದೆದ್ದು ವಾರಗಟ್ಟಲೆ ಉರಿಯುತ್ತದೆ. ಇದಕ್ಕೆಲ್ಲ ಮರದ ಸೊನೆಯಲ್ಲಿರುವ ಎಣ್ಣೆ ಕಾರಣ ಎಂದು ವೈದ್ಯರು ಹೇಳುತ್ತಾರೆ. ನಾನೂ ಅದನ್ನು ಓದಿದ್ದೇನೆ, ಒಪ್ಪುತ್ತೇನೆ. ಆದರೂ ಅರುವೇರಾ ಎದುರಾದಾಗಲೆಲ್ಲ ಬಾಯಲ್ಲೇ ಗೊಣಗಿಕೊಂಡು ದಾಟುತ್ತೇನೆ. ಅದರ ತಂಟೆ ನಮಗ್ಯಾಕೆ?

ಇವತ್ತು ಈ ಮರ ಉರುಳಬೇಕು. ಬಿಸಿಲೇರುವ ಹೊತ್ತಿಗೆ ಮರ ಕಡಿಯುವ ಅರಿಯೆಲ್ ಮೋಟಾರು ಗರಗಸ ಹಿಡಿದು ಬರುತ್ತಾನೆ. ಅಷ್ಟರೊಳಗೆ ಮನೆಯೊಡತಿಯ ಮನಸ್ಸು ತಿರುಗಿಸಬೇಕೆಂದು ಎಲಿದಾ ಈ ಚಳಿಯಲ್ಲಿ ಹಿಮ ತುಳಿದುಕೊಂಡು ಬಂದಿದ್ದಾರೆ. ಅವರ ಬಗ್ಗೆ ಪೇಪರಿಗೆ ಬರೆಯಲೆಂದು ನಾನೂ ಜೊತೆಗಿದ್ದೇನೆ. ಗೇಟಿನೊಳಗೆ ಕಾಲಿಡಲು ಅವರಿಗೆ ಅಪ್ಪಣೆಯಿಲ್ಲ.

ಎಲಿದಾ ಅವರಿಗೆ ಅರವತ್ತರ ಹತ್ತಿರ. ಗಿಡ್ಡ ಆಳು, ಅಗಲ ಅಂಗೈ. ಬೆಟ್ಟದ ಮೇಲೆ ಹೊಸದಾಗಿ ಮನೆ ಕೊಂಡವರ ಅಂಗಳದಲ್ಲಿ ಇದೇ ನೆಲದ ಗಿಡಮರಗಳನ್ನು ನೆಟ್ಟು ಬೆಳೆಸಿ ಕೊಡುವುದು ಅವರ ಕೆಲಸ. ಅವರ ಹೆಸರಿನ ಬೋರ್ಡು ಎಲ್ಲೂ ಇಲ್ಲ, ಸಸಿ ಮಾರುವ ಅಂಗಡಿಯೂ ಇಲ್ಲ. ಮೊದಲು ಈ ಮನೆಗಳಲ್ಲಿ ನೆಲ ಒರೆಸುತ್ತಿದ್ದರು. ರಾಜಧಾನಿ ಮೊಂಟೆವಿಡಿಯೋದಿಂದ ಬಂದವರು ಮನೆ ಕೊಂಡ ಕೂಡಲೇ ಮಾಡುವ ಮೊದಲ ಕೆಲಸವೆಂದರೆ ಅಂಗಳವನ್ನು ಬೋಳಿಸುವುದು. ಮುಳ್ಳು, ಪೊದೆ, ಕಲ್ಲಿನ ಸಂದಿಯ ಜರೀಗಿಡ, ಎಲ್ಲವೂ ಅವರ ಕಣ್ಣಿಗೆ ಕಸ. ಆಮೇಲೆ ಚಾಪೆ ಸುತ್ತಿದ ಹಾಗೆ ಸುತ್ತಿ ತಂದ ಹುಲ್ಲುಹಾಸು, ಗುಲಾಬಿ, ನೀಲಿ ಹೂವಿನ ಗಿಡ. ಇದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಎಲಿದಾಗೆ ನಗು ಬರುತ್ತದೆ.

"ನಂಗೆ ಕೆಲಸ ಕೊಡಿಸೋದು ಇರುವೆಗಳು," ಎನ್ನುತ್ತಾರೆ. "ಒಂದೇ ರಾತ್ರೀಲಿ ಗುಲಾಬಿ ಎಲೆ ಎಲ್ಲಾ ಕತ್ತರಿಸಿ, ತಲೆ ಮೇಲೆ ಹೊತ್ಕೊಂಡು, ದಿಬ್ಬಣ ಹೋದ ಹಾಗೆ ಹೋಗ್ತವೆ. ಎರಡನೇ ಬೇಸಿಗೇಲಿ ಬಾವಿ ಕೈ ಎತ್ತುತ್ತೆ, ಹುಲ್ಲು ಒಣಗುತ್ತೆ. ಆಗ ಬರ್ತಾರೆ. ಎಲಿದಾ, ಇಲ್ಲಿ ಏನು ಬದುಕುತ್ತೆ ಹೇಳು ಮಾರಾಯ್ತಿ, ಅಂತ."

ಇಲ್ಲಿ ಬದುಕುವುದು ಇಲ್ಲಿಯದ್ದೇ. ಮುಳ್ಳಿನ ಕೊರೊನಿಯಾ, ಕೆಂಪು ಹಣ್ಣಿನ ಚಾಲ್‌ಚಾಲ್, ನಾಡಸೀಬೆ, ಗುಡ್ ಫ್ರೈಡೇ ಬೆಳಗ್ಗೆ ನಾವೆಲ್ಲ ಕೊಯ್ಯಲು ಹೋಗುವ ಹಳದಿ ಹೂವಿನ ಮರ್ಸೇಲಾ. ಆದರೆ ಅವುಗಳ ಸಸಿ ತರುವುದೆಲ್ಲಿಂದ? ಗುಡ್ಡಕ್ಕೆ ಸೆರೋ ಪೆಲಾದೋ, ಬೋಳುಗುಡ್ಡ, ಎಂಬ ಹೆಸರು ಸುಮ್ಮನೆ ಬಂದಿಲ್ಲ. ಒಂದು ಕಾಲದಲ್ಲಿ ರಾಜಧಾನಿಯ ಒಲೆಗಳಿಗೆಲ್ಲ ಇಲ್ಲಿಂದ ಇದ್ದಿಲು ಹೋಗುತ್ತಿತ್ತು. ಕಡಿದು, ಮಣ್ಣು ಮೆತ್ತಿದ ಭಟ್ಟಿಯಲ್ಲಿ ಸುಟ್ಟು, ಮೂಟೆ ಕಟ್ಟಿ ರೈಲಿಗೆ ಹಾಕಿದ್ದೇ ಹಾಕಿದ್ದು. ಕಾಡು ಮುಗಿಯಿತು. ಉಳಿದದ್ದು ಅರುವೇರಾ ಮಾತ್ರ, ಅಲ್ಲೊಂದು ಇಲ್ಲೊಂದು. ಅದರ ಸೊನೆಗೆ ಹೆದರಿ ಯಾರೂ ಕೊಡಲಿ ಹಾಕಲಿಲ್ಲ, ಹೊಗೆಗೆ ಹೆದರಿ ಯಾರೂ ಸುಡಲಿಲ್ಲ.

ಬೋಳು ಗುಡ್ಡದಲ್ಲಿ ಹಕ್ಕಿಗೆ ಕೂರಲು ಬೇರೆ ಕೊಂಬೆಯಿರಲಿಲ್ಲ. ಕಣಿವೆಯ ಹೊಳೆಯಂಚಿನಲ್ಲಿ ಅಷ್ಟಿಷ್ಟು ಉಳಿದಿದ್ದ ಮರಗಳ ಹಣ್ಣು ತಿಂದು ಬಂದು ಅರುವೇರಾದ ಮೇಲೆ ಕೂತವು, ಕೂತಲ್ಲೇ ಬೀಜ ಉದುರಿಸಿದವು. ಆ ಎಲೆಯ ಮರೆಯಲ್ಲಿ ಹಿಮವೂ ಅಷ್ಟಾಗಿ ಬೀಳುವುದಿಲ್ಲ. ಮನುಷ್ಯರು ಹೋಗದ ಆ ನೆರಳಿನಲ್ಲಿ, ಕಾಂಡಕ್ಕೆ ಅಂಟಿಕೊಂಡು, ಸತ್ತುಹೋದ ಕಾಡಿನ ಮರಿಗಳೆಲ್ಲ ಬೆರಳುದ್ದ ಎದ್ದು ನಿಂತಿವೆ. ಎಲಿದಾ ಇಷ್ಟು ವರ್ಷ ಮಾಡಿದ್ದು ಇದೇ: ಇಬ್ಬನಿ ಆರುವ ತನಕ ಕಾದು, ಮರಕ್ಕೆ ತಿರುಗುಮುರುಗು ನಮಸ್ಕಾರ ಹೇಳಿ, ಅದರಡಿಗೆ ನುಗ್ಗಿ, ಮರಿಗಳನ್ನು ಬೇರುಸಮೇತ ಎತ್ತಿ ತಂದು ಯಾರದೋ ಹೊಸ ಮನೆಯ ಕಿಟಕಿಯ ಪಕ್ಕ ಊರುವುದು. ಹಾಗೆ ಎಷ್ಟು ಅಂಗಳ ಆಗಿರಬಹುದು ಎಂದರೆ ಅವರಿಗೇ ಲೆಕ್ಕವಿಲ್ಲ. ಗುಡ್ಡದ ತಿರುವಿನಲ್ಲಿ ನಿಂತು ಕೆಳಗೆ ನೋಡಿದರೆ ಕಪ್ಪು ಹಸಿರಿನ ಮಚ್ಚೆಗಳು ಕಾಣುತ್ತವೆ, ಅವೆಲ್ಲ ಇವರ ಕೈಯವು.

ಈ ತಗಡಿನ ಮಾಡಿನ ಮನೆಯನ್ನು ಕಳೆದ ಅಕ್ಟೋಬರಿನಲ್ಲಿ ಕೊಂಡವರು ಗ್ಲಾದಿಸ್ ಬೆಂತಾಂಕುರ್. ಮೊಂಟೆವಿಡಿಯೋದಲ್ಲಿ ಜೀವಮಾನವಿಡೀ ಶಾಲೆಮಕ್ಕಳ ಬಿಳಿ ನಿಲುವಂಗಿ ಹೊಲಿದವರು. ಬಾಡಿಗೆಯ ಕೋಣೆಗಳಲ್ಲೇ ಬದುಕಿದ್ದರಿಂದ ಕುಂಡದಲ್ಲಲ್ಲದೆ ನೆಲದಲ್ಲಿ ಒಂದು ಕಡ್ಡಿಯನ್ನೂ ನೆಟ್ಟವರಲ್ಲ. ಮನೆ ಕೊಂಡ ವಾರದಲ್ಲೇ ಎಲಿದಾರನ್ನು ಕರೆಸಿ, "ನಾನು ಸಾಯೋದರೊಳಗೆ ಈ ಅಂಗಳ ಕಾಡಾಗ್ಬೇಕು, ಬೇಗ ಬೇಗ ಮಾಡು," ಎಂದರಂತೆ.

"ಬೇಗ ಬೇಕಿದ್ರೆ ಹುಲ್ಲು ಹಾಸ್ಕೊಳ್ಳಿ, ದೋನ್ಯಾ ಗ್ಲಾದಿಸ್," ಎಂದು ಮರ್ಯಾದೆಯಿಂದಲೇ ಕರೆದು ಹೇಳಿದ್ದಾರೆ ಎಲಿದಾ.

ಇಬ್ಬರಿಗೂ ಅವತ್ತೇ ಒಗ್ಗಿಹೋಯಿತು. ಬೇಸಿಗೆಯಿಡೀ ಮಾತಿಗೆ ಮಾತು. ಗ್ಲಾದಿಸ್ ಮರಕ್ಕೆ ನಮಸ್ಕಾರ ಹೇಳಲು ಸುತರಾಂ ಒಪ್ಪಿರಲಿಲ್ಲ. "ಮಾಟೆ ಚಹಾ ಕುಡಿಯೋವರೆಗೂ ನಾನು ಮನುಷ್ಯರಿಗೇ ಬೆಳಗ್ಗೆ ಮುಖ ಕೊಡಲ್ಲ, ಇನ್ನು ಮರಕ್ಕೆ ಹೇಳ್ತೀನಾ," ಎನ್ನುತ್ತಿದ್ದರು. ಅದೇ ಮರದ ಕೊಂಬೆಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದರು. ಅವರಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಕೆಲವರ ಮೈಗೆ ಅದು ಹತ್ತುವುದೇ ಇಲ್ಲ. ಎಲಿದಾ ಕೂಡ ನಿನ್ನೆ ಮೊನ್ನೆಯವರೆಗೆ ಅಂಥವರೇ.

ಮಾರ್ಚಿನಲ್ಲಿ ಎಲಿದಾರ ಗಂಡ ಲೀಬೆರ್ ತೀರಿಕೊಂಡರು. ಮಣ್ಣು ಮಾಡಿದ ಮಾರನೇ ದಿನ ಬೆಳಗ್ಗೆ, ಮನೆಯಲ್ಲಿ ಕೂತಿರಲಾರದೆ, ಗ್ಲಾದಿಸ್ ಅಂಗಳದ ಸಸಿಗಳಿಗೆ ನೀರು ಹಾಕುವ ನೆಪ ಮಾಡಿಕೊಂಡು ಇಲ್ಲಿಗೆ ಬಂದರು.

"ಹಿಂದಿನ ದಿನವೆಲ್ಲ ಬಂದವರಿಗೆ, ಹೋದವರಿಗೆ ನಮಸ್ಕಾರ ಹೇಳಿ ಹೇಳಿ ಬಾಯಿ ಅದಕ್ಕೇ ಬಿದ್ದೋಗಿತ್ತು," ಎಂದು ಎಲಿದಾ ಗೇಟಿನ ಕಂಬಕ್ಕೆ ಒರಗಿ ಹೇಳುತ್ತಾರೆ. "ಮರದ ಮುಂದೆ ನಿಂತೆ. ಶುಭೋದಯ ಅಂದ್ಬಿಟ್ಟೆ. ಬೆಳಗ್ಗೆ ಬೆಳಗ್ಗೆ. ಹುಟ್ಟಿದಾಗಿಂದ ಆ ತಪ್ಪು ಮಾಡಿದವಳಲ್ಲ ನಾನು. ಹೇಳಿದ ಮೇಲೂ ಗೊತ್ತಾಗ್ಲಿಲ್ಲ, ಸೀದಾ ಕೆಳಗೆ ಹೋಗಿ ಕೂತೆ. ಕೂತು ಅತ್ತೆ."

ಎರಡು ದಿನ ಬಿಟ್ಟು ಮುಖ ಬಾತಿತು. ಕತ್ತು ಬಾತಿತು. ಉಸಿರಿಗೆ ತಡಕಾಡುತ್ತಿದ್ದವರನ್ನು ಗ್ಲಾದಿಸ್ ಅವರೇ ಪಕ್ಕದ ಮನೆಯವರ ಗಾಡಿ ಕೂಗಿ ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಇಷ್ಟು ವರ್ಷ ತಡೆದುಕೊಂಡ ಮೈ ಇನ್ನು ತಡೆಯುವುದಿಲ್ಲ, ಮತ್ತೆ ಆ ಮರದಡಿಗೆ ಹೋದರೆ ಗಂಟಲೇ ಮುಚ್ಚಿಹೋಗಬಹುದು ಎಂದು ವೈದ್ಯೆ ಹೇಳಿ ಕಳಿಸಿದರು. ವೈದ್ಯೆಯ ಮಾತೂ ಸರಿ, ನನ್ನ ತಪ್ಪೂ ನಿಜ, ಎನ್ನುತ್ತಾರೆ ಎಲಿದಾ. ನನಗೆ ವಾದಿಸಲು ಮನಸ್ಸು ಬರುವುದಿಲ್ಲ. ದುಃಖದಲ್ಲಿದ್ದವರಿಗೆ ಸರಿಯಾದ ಮಾತು ತಪ್ಪಾಗಿ ಬಂದರೆ ಅದನ್ನೂ ಹಿಡಿದು ಶಿಕ್ಷಿಸುವ ಮರ ಇರಬಾರದು ಎಂದಷ್ಟೇ ಅನ್ನಿಸುತ್ತದೆ.

ಅವರು ಸುಮ್ಮನಿರಲಿಲ್ಲ. ಮೇ ತಿಂಗಳಲ್ಲಿ ಕೈಗವಸು ಹಾಕಿಕೊಂಡು ಕದ್ದು ಮರದಡಿಗೆ ಹೋದರು. ಮತ್ತೆ ಬಾತಿತು. ಕತ್ತಿಗೆ ಶಾಲು ಸುತ್ತಿಕೊಂಡು ಓಡಾಡಿದರು. ಗ್ಲಾದಿಸ್ ಒಂದು ದಿನ ಶಾಲು ಎಳೆದು ನೋಡಿದವರೇ ಫೋನು ತೆಗೆದುಕೊಂಡು ಅರಿಯೆಲ್‌ಗೆ ಹೇಳಿದರು: ಶನಿವಾರ ಬಾ, ಮರ ತೆಗಿ. ಎಲಿದಾಗೆ ಹೇಳಿದರು: ಮರ ಹೋಗುವವರೆಗೆ ಗೇಟಿನೊಳಗೆ ಬರಬೇಡ.

ಮರ ಹೋದರೆ ಕೆಳಗಿನ ಮರಿಗಳು ಹಿಮಕ್ಕೆ ಬಿದ್ದು ಈ ಚಳಿಗಾಲದಲ್ಲೇ ಕರಟಿಹೋಗುತ್ತವೆ. ಎಲ್ಲವನ್ನೂ ಒಟ್ಟಿಗೆ ಕಿತ್ತು ನೆಡುವಂತಿಲ್ಲ, ಬೇರು ಇನ್ನೂ ಎಳಸು. ವರ್ಷಕ್ಕಿಷ್ಟು ಎಂದು ಎತ್ತಬೇಕು. ಮರ ಉಳಿದರೆ ಎಲಿದಾ ಅದರಡಿಗೆ ಹೋಗದೆ ಬಿಡುವವರಲ್ಲ. ಇದು ಇಬ್ಬರಿಗೂ ಗೊತ್ತು.

ಅಡುಗೆಕೋಣೆಯ ಬಾಗಿಲು ತೆರೆಯುತ್ತದೆ. ಗ್ಲಾದಿಸ್ ದಪ್ಪ ಕೋಟು ಹೊದ್ದು, ಮಾಟೆ ತುಂಬಿದ ಸೋರೆಬುರುಡೆ ಹಿಡಿದು ಬರುತ್ತಾರೆ. ಎತ್ತರದ ಹೆಂಗಸು, ಕೂದಲು ಪೂರ್ತಿ ಬಿಳಿ.

"ಬರಬೇಡ ಅಂದಿರ್ಲಿಲ್ವಾ ನಿಂಗೆ?"

"ಗೇಟಿನ ಹೊರಗೇ ಇದೀನಲ್ಲ. ರಸ್ತೆಯೂ ನಿಮ್ಮದೇನಾ?"

ಗ್ಲಾದಿಸ್ ಗೇಟಿನ ಮೇಲಿಂದ ಮಾಟೆ ಚಾಚುತ್ತಾರೆ. ಎಲಿದಾ ನಳಿಗೆಯಲ್ಲಿ ಹೀರಿ, ಖಾಲಿ ಮಾಡಿ ಹಿಂದಕ್ಕೆ ಕೊಡುತ್ತಾರೆ. ಸಿಟ್ಟಿದ್ದರೂ ಮಾಟೆ ನಿಲ್ಲಿಸುವ ರೂಢಿ ನಮ್ಮಲ್ಲಿಲ್ಲ. ಆಮೇಲೆ ನನಗೊಂದು ಬರುತ್ತದೆ. ಹೀಗೆ ಎಲಿದಾ ತಂದ ಫ್ಲಾಸ್ಕಿನ ಬಿಸಿನೀರು ಅರ್ಧ ಖಾಲಿಯಾಗುತ್ತದೆ.

ಹಿಮ ಕರಗಿ ಹುಲ್ಲು ಒದ್ದೆಯಾಗುವ ಹೊತ್ತಿಗೆ ಅರಿಯೆಲ್‌ನ ಹಳೇ ಪಿಕಪ್ ಏದುಸಿರು ಬಿಡುತ್ತಾ ಬರುತ್ತದೆ. ಲೀಬೆರ್ ಅವರ ಅಣ್ಣನ ಮಗ ಇವನು, ನನ್ನ ಹಳೆಯ ಪರಿಚಯ. ಅಡಿಯಿಂದ ಮುಡಿಯವರೆಗೆ ಮಳೆಗವಸು ಹಾಕಿಕೊಂಡು ಬಂದಿದ್ದಾನೆ, ಕಣ್ಣಿಗೆ ಕನ್ನಡಕ ಬೇರೆ. ಅರುವೇರಾ ಕಡಿಯುವುದೆಂದರೆ ಗರಗಸದವರಿಗೆ ನಡುಕ. ಪುಡಿ ಹಾರಿ ಎಲ್ಲೆಲ್ಲಿ ಕೂರುತ್ತದೋ ಅಲ್ಲೆಲ್ಲ ಬೆಂಕಿ. ಇಳಿದವನು ಗರಗಸ ಇಳಿಸುವುದಿಲ್ಲ, ಮರ ಎಳೆಯುವ ಹಗ್ಗವನ್ನಷ್ಟೇ ಹೆಗಲಿಗೆ ಹಾಕಿಕೊಳ್ಳುತ್ತಾನೆ.

"ಚಿಕ್ಕಮ್ಮ," ಎನ್ನುತ್ತಾನೆ, "ನೀನು ಬೇಡ ಅಂದ್ರೆ ವಾಪಸ್ ಹೋಗ್ತೀನಿ. ದೋನ್ಯಾ ಗ್ಲಾದಿಸ್ ಕಡಿ ಅಂದ್ರೆ ಕಡೀತೀನಿ. ಇಬ್ರೂ ಸೇರಿ ಒಂದು ಮಾತು ಹೇಳಿ. ನನ್ನ ಇಬ್ಬರ ಮಧ್ಯೆ ನಿಲ್ಲಿಸ್ಬೇಡಿ."

"ಮನೆ ಅವರದ್ದು. ಮರ ಅವರದ್ದು," ಎನ್ನುತ್ತಾರೆ ಎಲಿದಾ. "ಕಡೀಲಿ. ಆಮೇಲೆ ಹುಲ್ಲು ತಂದು ಹಾಸ್ಲಿ. ನಾನು ಮಾತ್ರ ಬರಲ್ಲ."

ಗ್ಲಾದಿಸ್ ಅವರ ದನಿ ಏರುವುದಿಲ್ಲ, ಗಡುಸಾಗುತ್ತದೆ. "ನಿನ್ನ ಮೇಲೆ ಹಗೆ ಸಾಧಿಸೋಕೆ ಕಡಿಸ್ತಿದೀನಾ ನಾನು? ಅವತ್ತು ಗಾಡೀಲಿ ನಿನ್ನ ತಲೆ ನನ್ನ ತೊಡೆ ಮೇಲಿತ್ತು. ಉಸಿರು ಎಳೀತಿದ್ದೆ, ಒಳಗೆ ಹೋಗ್ತಿರ್ಲಿಲ್ಲ. ನೀನು ನೋಡಿಲ್ಲ ಅದನ್ನ. ನಾನು ನೋಡಿದೀನಿ. ಸಾಯೋ ಕಾಲಕ್ಕೆ ಒಂದು ಸ್ವಂತ ಮನೆ ಅಂತ ಮಾಡ್ಕೊಂಡೆ ಎಲಿದಾ. ಈ ಅಂಗಳದಿಂದ ಹೊರಡೋ ಮೊದಲನೇ ಹೆಣ ನಿಂದಾಗಬಾರ್ದು. ನಂಗೆ ಅಂಥಾ ಕಾಡು ಬೇಡ."

ಮರದ ಮೇಲೆ ಸೋರ್ಸಾಲ್ ಹಕ್ಕಿಯೊಂದು ಬಂದು ಕೂತು, ನಮ್ಮನ್ನೆಲ್ಲ ನೋಡಿ ಹಾರಿಹೋಗುತ್ತದೆ. ಎಲಿದಾ ತಮ್ಮ ಅಂಗೈಗಳನ್ನು ಸ್ಕರ್ಟಿಗೆ ಒರೆಸಿಕೊಳ್ಳುತ್ತಾರೆ, ಅವುಗಳಿಗೆ ಏನೂ ಅಂಟಿಲ್ಲದಿದ್ದರೂ.

"ಹಾಗಾದ್ರೆ ನಾನು ಅದರ ನೆರಳಿಗೆ ಹೋಗಲ್ಲ," ಎನ್ನುತ್ತಾರೆ.

"ಮೇ ತಿಂಗಳಲ್ಲೂ ಹಂಗೇ ಹೇಳಿದ್ದೆ."

"ಆಗ ನಿಮ್ಮ ಬಾಯಿ ಮುಚ್ಚಿಸೋಕೆ ಹೇಳಿದ್ದು. ಈಗ ಲೀಬೆರ್ ಮಣ್ಣಿನ ಮೇಲೆ ಆಣೆ ಇಟ್ಟು ಹೇಳ್ತಿದೀನಿ. ಇವತ್ತೊಂದೇ ದಿನ ಅಲ್ಲ. ಇನ್ನು ಯಾವತ್ತೂ. ಈ ಮರ ಅಂತಲ್ಲ, ಯಾವ ಅರುವೇರಾ ಕೆಳಗೂ ಹೋಗಲ್ಲ. ಮರ ಬಿಡಿ."

ಆ ಮಾತಿನ ತೂಕ ಅಲ್ಲಿದ್ದ ನಮಗೆಲ್ಲ ಗೊತ್ತಿದೆ. ಅರುವೇರಾದ ಅಡಿಗೆ ಹೋಗದ ಎಲಿದಾ ಇನ್ನು ಸಸಿ ಎತ್ತುವಂತಿಲ್ಲ. ಹತ್ತಾರು ವರ್ಷ ಕೈಯಲ್ಲಿ ಮಾಡಿಕೊಂಡು ಬಂದ ಕೆಲಸವನ್ನು ಒಂದು ಮರ ಉಳಿಸಲು ಅವರು ಗೇಟಿನ ಬಳಿ ಬಿಟ್ಟುಕೊಟ್ಟಿದ್ದಾರೆ. ಬರೆದುಕೊಳ್ಳಲು ಮನಸ್ಸಾಗದೆ ನಾನು ಪೆನ್ನು ಜೇಬಿಗೆ ಹಾಕುತ್ತೇನೆ.

"ಮತ್ತೆ ಮರಿಗಳನ್ನ ಯಾರು ಎತ್ತುತ್ತಾರೆ?" ಎಂದು ಅರಿಯೆಲ್ ಕೇಳುತ್ತಾನೆ. ಕೇಳಿದವನು ಎಲ್ಲರೂ ತನ್ನತ್ತ ನೋಡಿದರೆಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. "ನನ್ನ ನೋಡ್ಬೇಡಿ. ಅದರ ಹೆಸರು ಹೇಳಿದ್ರೇ ನಂಗೆ ತುರಿಕೆ ಬರುತ್ತೆ."

ಗ್ಲಾದಿಸ್ ಮನೆಯೊಳಗೆ ಹೋಗುತ್ತಾರೆ. ಬರುವಾಗ ಮಳೆಕೋಟು ಹಾಕಿಕೊಂಡಿದ್ದಾರೆ, ರಬ್ಬರ್ ಕೈಗವಸಿನ ಬಾಯಿಗೆ ಹೊಲಿಗೆಯ ಎಲಾಸ್ಟಿಕ್ ಸುತ್ತಿ ಗಂಟು ಹಾಕಿಕೊಂಡಿದ್ದಾರೆ. ಅರಿಯೆಲ್ ಮರದ ಸುತ್ತ, ಕೊಂಬೆಗಳ ಹರವಿನಿಂದ ಆಚೆಗೆ, ಗೂಟ ಹೊಡೆದು ತನ್ನ ಹಗ್ಗ ಎಳೆಯುತ್ತಾನೆ. ಎಲಿದಾಗೆ ಗೇಟು ತೆರೆಯುತ್ತದೆ, ಹಗ್ಗದವರೆಗೆ ಮಾತ್ರ.

ಹಗ್ಗ ದಾಟುವ ಮುನ್ನ ಗ್ಲಾದಿಸ್ ಒಂದು ಕ್ಷಣ ನಿಲ್ಲುತ್ತಾರೆ. ಎಲಿದಾ ನೋಡುತ್ತಿದ್ದಾರೆ.

"ಶುಭರಾತ್ರಿ," ಎನ್ನುತ್ತಾರೆ ಗ್ಲಾದಿಸ್ ಮರಕ್ಕೆ, ಹಳೇ ಬಾಡಿಗೆ ಮನೆಯ ಮಾಲೀಕನಿಗೆ ಒಲ್ಲದೆ ಹೇಳುವ ದನಿಯಲ್ಲಿ.

"ಬಗ್ಗಬೇಡಿ, ಕೂತ್ಕೊಳ್ಳಿ," ಎಂದು ಎಲಿದಾ ಹಗ್ಗದಾಚೆಯಿಂದ ಹೇಳತೊಡಗುತ್ತಾರೆ. "ಎಡಗಡೆ. ಸಣ್ಣ ಎಲೆ, ಮಿಂಚುತ್ತೆ ನೋಡಿ. ಮುಳ್ಳಿದ್ಯಾ? ಅದೇ ಕೊರೊನಿಯಾ. ಮುಟ್ಟಬೇಡಿ ಈಗಲೇ. ಮೊದಲು ಸುತ್ತ ಬಿಡಿಸ್ಕೊಳ್ಳಿ. ಇನ್ನೂ ಕೆಳಗೆ. ಇನ್ನೂ."

ಚಿಟ್ ಎಂದು ಸಣ್ಣ ಸದ್ದು. ಎಲಿದಾ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಮುರಿದೋಯ್ತಾ?" ಗ್ಲಾದಿಸ್ ತಿರುಗದೆ ಕೇಳುತ್ತಾರೆ.

"ಹೋಯ್ತು. ಇರ್ಲಿ. ಇನ್ನೊಂದು ನೋಡಿ."

ಕೈ ತಾನಾಗಿ ಮುಂದಕ್ಕೆ ಹೋಗುತ್ತದೆಂದು ಎಲಿದಾ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಾರೆ. ಎರಡನೆಯದಕ್ಕೆ ಗ್ಲಾದಿಸ್ ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ. "ತಡಿ, ತಡಿ, ಗೊತ್ತಾಯ್ತು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ, "ಹೊಲಿಗೆ ಬಿಚ್ಚೋ ಹಾಗೆ. ಎಳೀಬಾರ್ದು." ಕೊನೆಗೆ ಎದ್ದು ನಿಂತಾಗ ಅವರ ಅಂಗೈಯಲ್ಲಿ ಬೆರಳುದ್ದದ ಗಿಡ, ಅದರ ಕೆಳಗೆ ಗಿಡಕ್ಕಿಂತ ಉದ್ದದ ಬೇರು, ಪೂರ್ತಿ.

ಎಲಿದಾ ನೋಡುತ್ತಾರೆ, ಮುಟ್ಟುವಂತಿಲ್ಲ. ಬೇರಿನ ಮಣ್ಣಿನಲ್ಲೂ ಅರುವೇರಾದ ಎಲೆಪುಡಿ ಇರುತ್ತದೆ. ಎಲ್ಲಿ ನೆಡಬೇಕೆಂದು ಬೂಟಿನ ತುದಿಯಿಂದ ತೋರಿಸುತ್ತಾರೆ: ಅಡುಗೆಕೋಣೆಯ ಕಿಟಕಿಯ ಪಕ್ಕ, ದಕ್ಷಿಣದ ಚಳಿಗಾಳಿ ಬಡಿಯದ ಕಡೆ. ಗರಗಸ ಹಿಡಿಯುವುದು ತಪ್ಪಿದ ಖುಷಿಗೆ ಅರಿಯೆಲ್ ಬೇಕಾದ್ದಕ್ಕಿಂತ ದೊಡ್ಡ ಗುಂಡಿ ತೋಡಿ ಬೈಸಿಕೊಳ್ಳುತ್ತಾನೆ. ಗ್ಲಾದಿಸ್ ಗಿಡ ಇಳಿಸಿ ಮಣ್ಣು ಒತ್ತಿ, ನೀರು ಹನಿಸುತ್ತಾರೆ. ಆಮೇಲೆ ಸಾಬೂನು ಹಚ್ಚಿ ಕೈಗವಸು ಸಮೇತ ಕೈ ತೊಳೆಯುತ್ತಾರೆ. ಎಲಿದಾ ಪಕ್ಕದಲ್ಲಿ ನಿಂತು, ಇನ್ನೊಂದ್ಸಲ, ಇನ್ನೊಂದ್ಸಲ, ಎನ್ನುತ್ತಾರೆ.

ಮುಂದೆ ಇತರ ಮನೆಗಳಲ್ಲೂ ಹೀಗೇ ನಡೆಯಬೇಕು. ಮನೆ ಕೊಂಡವರೇ ತಮ್ಮ ಕೈಯಿಂದ ಎತ್ತಬೇಕು, ಎಲಿದಾ ಹಗ್ಗದಾಚೆ ನಿಂತು ಹೇಳಬೇಕು. ಎಷ್ಟು ಜನ ಒಪ್ಪುತ್ತಾರೋ ಗೊತ್ತಿಲ್ಲ. "ಬಾಯಲ್ಲಿ ಕೆಲಸ ಮಾಡಿ ಅಭ್ಯಾಸ ಇಲ್ಲ ನಂಗೆ," ಎನ್ನುತ್ತಾರೆ.

ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕೂತಾಗ ನಾನು ಅವರ ತಂದೆಯ ಬಗ್ಗೆ ಕೇಳುತ್ತೇನೆ. ನಿಕಾನೋರ್ ತೆಚೇರಾ ಈ ಇಳಿಜಾರಿನಲ್ಲೇ ಇದ್ದಿಲು ಸುಡುತ್ತಿದ್ದವರು. ಗುಡ್ಡ ಬೋಳಾದದ್ದರಲ್ಲಿ ಅವರ ಕೊಡಲಿಯ ಪಾಲೂ ಇದೆ.

"ಅವನನ್ನ ಬೈದು ಬರೀಬೇಡಿ," ಎನ್ನುತ್ತಾರೆ ಎಲಿದಾ ತಕ್ಷಣ. "ಆ ಕಾಡು ತಿಂದೇ ನಾವು ಬೆಳೆದಿದ್ದು. ಭಟ್ಟಿಗೆ ಮಣ್ಣು ಮೆತ್ತೋಕೆ ನಾನೂ ಹೋಗ್ತಿದ್ದೆ. ಮಗಳು ಪ್ರಾಯಶ್ಚಿತ್ತ ಮಾಡ್ತಿದಾಳೆ ಅಂತಾನೂ ಬರೀಬೇಡಿ, ಪೇಪರಿನವರಿಗೆ ಅದೊಂದು ಚಟ. ಕೊರೊನಿಯಾ ಅಂದ್ರೆ ಅಪ್ಪನಿಗೆ ಜೀವ. ಅದರಷ್ಟು ಹೊತ್ತು ಉರಿಯೋ ಇದ್ದಿಲು ಇನ್ನೊಂದಿಲ್ಲ ಅಂತಿದ್ದ. ಆದ್ರೆ ನಾನು ಅದು ಭಟ್ಟೀಲಿ ಮಲಗಿದ್ದು ನೋಡಿದೀನಿ, ದೊಡ್ಡದಾಗಿ ನಿಂತಿದ್ದು ನೋಡೇ ಇಲ್ಲ."

ನಿಧಾನಕ್ಕೆ ಬೆಳೆಯುವ ಮರ ಕೊರೊನಿಯಾ. ಅದು ದೊಡ್ಡದಾಗುವಷ್ಟು ವರ್ಷ ತಮ್ಮಿಬ್ಬರಲ್ಲಿ ಯಾರೂ ಇರುವುದಿಲ್ಲ ಎಂಬುದು ಗ್ಲಾದಿಸ್ ಅವರಿಗೂ ಗೊತ್ತು. "ಎಷ್ಟು ದಪ್ಪ ಆದ್ರೆ ನಿಂಗೆ ಸಮಾಧಾನ, ಹೇಳಿಬಿಡು," ಎಂದು ಕಿಟಕಿಯ ಒಳಗಿಂದ ಕೇಳುತ್ತಾರೆ.

ಎಲಿದಾ ಬೆರಳುದ್ದದ ಆ ಗಿಡವನ್ನೇ ನೋಡುತ್ತಾರೆ.

"ಅಪ್ಪ ಈ ದಾರೀಲಿ ಬಂದಿದ್ರೆ, ನಿಂತು, ಕೊಡಲಿ ಕೆಳಗಿಟ್ಟು ಒಂದ್ಸಲ ನೋಡ್ಬೇಕು ಅನ್ನಿಸೋವಷ್ಟು," ಎನ್ನುತ್ತಾರೆ. "ಅಷ್ಟು ಸಾಕು ನಂಗೆ."